ನೀರು ತಿಳೀತೇನ?

ಜಾಲಿ ತೊಗಟೆ ಕುದಿಯುವ ವಾಸನೆ ಒಮ್ಮೆ ಮೂಗಿಗೆ ಹತ್ತಿತೆಂದರೆ ಬೇಗ ಬಿಡುವುದಿಲ್ಲ. ಹೋದ ವಾರ ಇಳಕಲ್ಲಿನ ನಮ್ಮ ಓಣಿಯಲ್ಲಿ ಅಂಗಳ ಗುಡಿಸುತ್ತಿದ್ದೆ, ಆ ವಾಸನೆ ಬಂತು. ಕಸಬರಿಗೆ ಅಲ್ಲೇ ಬಿಟ್ಟು ವಾಸನೆ ಹಿಡಿದುಕೊಂಡು ಹೋದೆ. ಎರಡು ಮನೆಯಾಚೆ ನನ್ನ ತಮ್ಮನ ಹಿತ್ತಲಲ್ಲಿ ದೊಡ್ಡ ಹಂಡೆ ಒಲೆಯ ಮೇಲಿತ್ತು. ದೂರದ ಊರಿನ ಯಾವುದೋ ಅಂಗಡಿಯವರು ಗಿಡದ ಬಣ್ಣದಲ್ಲಿ ಅದ್ದಿದ ನೂಲಿನ ಸೀರೆಯೇ ಬೇಕು ಎಂದಿದ್ದಾರಂತೆ. ಅವನು ಟವೆಲಿನಿಂದ ಮೂಗು ಕಟ್ಟಿಕೊಂಡು ಕೋಲಿನಿಂದ ತಿರುವುತ್ತಿದ್ದ.

"ಹಿಂಗ್ಯಾಕ ನಿಂತಿಯಕ್ಕ, ಹೊಗಿ ಕಣ್ಣಿಗೆ ಹೊಡೀತೇನು?" ಎಂದ.

ಹೌದು ಎಂದೆ. ಖರೆ ಹೇಳಬೇಕೆಂದರೆ ಹೊಗೆ ಏನೂ ಮಾಡಿರಲಿಲ್ಲ, ಅಳು ಬಂದಿತ್ತು. ಆ ಕೆಂಪು ಕಷಾಯದಲ್ಲಿ ನನಗೆ ಸೀರೆಯ ನೂಲು ಕಾಣಲಿಲ್ಲ, ಬಲೆ ಕಂಡಿತು. ಬಲೆಯ ಹಿಂದೆ ಒಂದು ಮುಖ...

ಇಪ್ಪತ್ತು ವರ್ಷದ ಹಿಂದಿನ ಮಾತು. ಪಟ್ಟದಕಲ್ಲಿಗೂ ಐಹೊಳೆಗೂ ನಡುವೆ, ಮಲಪ್ರಭೆಯ ದಂಡೆಯ ಮೇಲಿನ ಒಂದು ಊರಿನ ಕನ್ನಡ ಸಾಲೆಗೆ ನಾನು ಮಾಸ್ತರ್ತಿಯಾಗಿ ಹೋಗಿದ್ದೆ. ಬಾಡಿಗೆಗೆ ಕೋಣೆ ಸಿಕ್ಕಿದ್ದು ಅಂಬಿಗರ ಓಣಿಯಲ್ಲಿ, ಹೊಳೆಯಿಂದ ನೂರು ಹೆಜ್ಜೆ. ನಮ್ಮದು ಇಳಕಲ್ಲಿನ ನೇಕಾರರ ಮನೆ, ಕೊರಳಲ್ಲಿ ಲಿಂಗ, ಮೀನಿನ ಹೆಸರೆತ್ತಿದರೆ ಅವ್ವ ಬಾಯಿ ಮುಕ್ಕಳಿಸುತ್ತಿದ್ದಳು. ನಾನು ಮೊದಲ ದಿನ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಓಣಿ ಹೊಕ್ಕೆ. ಎದುರು ಮನೆಯ ಕಟ್ಟೆಯ ಮೇಲೆ ಕೂತು ಬಲೆ ಹೆಣೆಯುತ್ತಿದ್ದ ಮುದುಕಿ ಕತ್ತೆತ್ತಿ, "ಸಾಲಿಗೆ ಹೊಸಾ ಅಕ್ಕಾರ ಬಂದ್ರೇನ? ಮೂಗಿನ ಮ್ಯಾಲಿನ ಸೆರಗು ತಗೀಬೇ, ಉಸರಾಟ ನಿಂತೀತು," ಎಂದಳು. ಅಂದಿನಿಂದ ಆರು ವರ್ಷ ಅವಳ ಮಾತು ಕೇಳಿಸಿಕೊಂಡು ಬದುಕಿದೆ. ಊರೆಲ್ಲ ಅವಳನ್ನು ಆಯಿ ಎನ್ನುತ್ತಿತ್ತು. ಅವಳ ಹೆಸರು ಏನೆಂದು ನಾನು ಕೇಳಲೇ ಇಲ್ಲ.

ಮೀನು ನಾನು ಆಗಲೂ ತಿನ್ನಲಿಲ್ಲ, ಈಗಲೂ ತಿನ್ನುವುದಿಲ್ಲ. ಆದರೆ ಹಸ್ತ ಮಳೆ ಮುಗಿದು ಚಿತ್ತಿ ಮಳೆ ಹತ್ತುವ ಹೊತ್ತಿಗೆ ಹೊಳೆಯ ಮೀನು ಎಲ್ಲಿರುತ್ತದೆ, ಯಾವ ನೀರಿಗೆ ಬಲೆ ಬಿಡಬೇಕು, ಯಾವ ನೀರಿಗೆ ಬಿಡಬಾರದು ಅಂತ ನನ್ನಷ್ಟು ಬಲ್ಲ ಶಾಕಾಹಾರಿ ಬಾಗಲಕೋಟೆ ಜಿಲ್ಲೆಯಲ್ಲಿ ಇನ್ನೊಬ್ಬಳಿಲ್ಲ. ಇದು ಜಂಬವೇ. ಜಂಬ ಪಡಲಿಕ್ಕೆ ಕಾರಣ ಆಯಿ.

ಆ ಓಣಿಯಲ್ಲಿ ಹೊಳೆಯನ್ನೇ ನಂಬಿದ ಮನೆ ಹನ್ನೊಂದು. ಮಳೆಗಾಲ ಶುರುವಾಯಿತೆಂದರೆ ಹನ್ನೊಂದೂ ಮನೆಯ ಬಲೆ ಬಿದಿರ ಗಳುವಿನ ಮೇಲೆ ಹೋಗುತ್ತಿದ್ದವು. ತತ್ತಿ ಹೊತ್ತ ಮೀನು ದಂಡೆಯ ಹುಲ್ಲಿಗೆ ಬರುವ ಕಾಲ ಅದು, ಹಿಡಿಯಬಾರದು. ಮತ್ತೆ ಬಲೆ ಇಳಿಯುವುದು ದಸರೆಯ ಆಚೀಚೆ, ನೀರು ಇಳಿದು, ಕೆಸರು ಕೂತು, ಮೀನು ದಂಡೆ ಬಿಟ್ಟು ಮಡುವಿಗೆ ಹೋದ ಮೇಲೆ. ಆ ದಿನ ಯಾವುದು ಅಂತ ಹೇಳುವವಳು ಆಯಿ. ಅವಳ ಅತ್ತೆ ಹೇಳುತ್ತಿದ್ದಳಂತೆ, ಅವಳಿಂದ ಇವಳಿಗೆ ಬಂತು. ಗಂಡಸರು ಹರಿಗೋಲು ನಡೆಸಬೇಕು, ಬಲೆ ಎಳೆಯಬೇಕು. ದಿನ ಹೇಳುವ ಬಾಯಿ ಮಾತ್ರ ಅವಳದು.

ಅದಕ್ಕೆ ಅವಳ ಹತ್ತಿರ ಒಂದು ಪಿಂಗಾಣಿ ತಟ್ಟೆ ಇತ್ತು. ಒಳಗೆ ಬಿಳಿ, ಹೊರಗೆ ನೀಲಿ, ಅಂಚಿನಲ್ಲಿ ಒಂದು ಕಡೆ ಪಿಂಗಾಣಿ ಹಾರಿ ಕರಿ ಚುಕ್ಕೆ ಎದ್ದಿತ್ತು. ಅದರ ಕೆಳಗೆ ಒಂದು ಕಲ್ಲು, ಮೇಲೆ ಒಂದು ಹಗ್ಗ, ಹಗ್ಗಕ್ಕೆ ಮೊಳಕ್ಕೊಂದು ಗಂಟು. ಹೊತ್ತು ಏರಿದ ಮೇಲೆ ಮೆಟ್ಟಿಲ ಮೇಲೆ ನಿಂತು ತಟ್ಟೆಯನ್ನು ನೀರಿಗೆ ಬಿಡಬೇಕು. ಮಳೆಗಾಲದಲ್ಲಿ ಅರ್ಧ ಗಂಟಿಗೇ ತಟ್ಟೆ ಮುಳುಗಿ ಮಾಯ. ಆ ನೀರಿಗೆ ಅಂಬಲಿ ನೀರು ಅಂತ ಹೆಸರು. ಎರಡನೇ ಗಂಟಿನ ತನಕ ಕಂಡರೆ ಕಟ್ಟಿನ ನೀರು, ಬೇಳೆ ಬಸಿದ ಕಟ್ಟಿನಷ್ಟು ಮಬ್ಬು. ಮೂರನೇ ಗಂಟಿಗೂ ತಟ್ಟೆ ಬೆಳ್ಳಗೆ ಕಂಡಿತೋ, ನೀರು ತಿಳೀತು.

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಎಲ್ಲ ಎಡವಟ್ಟೂ ಇದರಿಂದಲೇ ಆದದ್ದು. ನಾವು ಪೇಟೆಯವರು ನೀರು ತಿಳಿಯಾಯಿತು ಎನ್ನುತ್ತೇವೆ. ಆ ಓಣಿಯಲ್ಲಿ ಬರೀ 'ತಿಳೀತು'. ಇತ್ತ ಆಯಿಗೆ ಒಂದು ಚಟ ಇತ್ತು, ಏನು ಹೇಳಿದರೂ ಕೊನೆಗೆ "ತಿಳೀತೇನ?" ಎನ್ನುವುದು. ಮೆಟ್ಟಿಲ ಮ್ಯಾಲೆ ಪಾಚಿ ಐತಿ, ತಿಳೀತೇನ? ರೊಟ್ಟಿ ನೆಲುವಿನಾಗ ಇಟ್ಟೇನಿ, ತಿಳೀತೇನ? ನಾನೂ ಸಾಲೆಯಲ್ಲಿ ದಿನಕ್ಕೆ ಐವತ್ತು ಸಲ ಅದನ್ನೇ ಹುಡುಗರಿಗೆ ಅನ್ನುವವಳು. ಹಾಗಾಗಿ ಅವಳು ಕೇಳಿದಾಗಲೆಲ್ಲ ಅರ್ಧ ಕಿವಿಯಲ್ಲಿ ಕೇಳಿ, "ತಿಳೀತ್ರಿ ಆಯಿ, ತಿಳೀತು," ಎಂದು ಹೋಗಿಬಿಡುತ್ತಿದ್ದೆ.

ಮೂರನೆಯ ವರ್ಷದ ಮಹಾಲಯ ಅಮಾಸೆಯ ಆಸುಪಾಸು ಅಂತ ನೆನಪು. ನಾನು ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದೆ. ಆಯಿ ಪಕ್ಕದಲ್ಲಿ ನಿಂತು ತಟ್ಟೆ ಇಳಿಬಿಟ್ಟಳು, ಬಗ್ಗಿ ನೋಡಿದಳು, "ಒಂದೂವರಿ ಗಂಟಿಗೆ ಮುಚ್ಚಿತು," ಎಂದಳು. ನಾನು ಕಣ್ಣು ಹಾಯಿಸಿದೆ. ಯಾರೋ ಹಗ್ಗ ಬಿಚ್ಚಿ ತಪ್ಪು ಕಟ್ಟಿದ್ದರು. ತಟ್ಟೆ ಬೋರಲಾಗಿತ್ತು, ನೀಲಿ ಬೆನ್ನು ಮೇಲಿತ್ತು. ನೀಲಿ ಬಣ್ಣ ಆ ನೀರಿನಲ್ಲಿ ಒಂದು ಗೇಣಿಗೇ ಮಾಯವಾಗಿತ್ತು.

"ಆಯಿ, ತಟ್ಟಿ ಬೋರಲ ಐತಲ್ರಿ," ಎಂದೆ.

ತಟ್ಟೆ ಮೇಲೆ ಎಳೆದು ಅಂಚು ಸವರಿ ನೋಡಿದಳು. ಆಮೇಲೆ ನನ್ನ ಒದ್ದೆ ಮುಂಗೈ ಹಿಡಿದುಕೊಂಡಳು, ಬಿಡಲಿಲ್ಲ. ಎರಡು ವರ್ಷದಿಂದ ಅವಳಿಗೆ ಕಣ್ಣು ಹೋಗಿದ್ದವು. ಹಗಲಾದದ್ದು ಗೊತ್ತಾಗುತ್ತದೆ, ಮನುಷ್ಯ ಬಂದು ನಿಂತದ್ದು ಗೊತ್ತಾಗುತ್ತದೆ, ಅಷ್ಟೇ. ಬಾದಾಮಿಯ ದವಾಖಾನೆಗೆ ಯಾರಿಗೂ ಹೇಳದೆ ಹೋಗಿ ಬಂದಿದ್ದಳು. ಪೊರೆ ಅಲ್ಲ, ನರ ಬತ್ತಿದೆ, ಏನೂ ಮಾಡಲು ಬರುವುದಿಲ್ಲ ಅಂದಿದ್ದರಂತೆ. ಎರಡು ವರ್ಷ ಅವಳು ಬಸ್ಸಿನ ಕಂಡಕ್ಟರನನ್ನು ಮಾತಿಗೆಳೆದು ಮೇಲ್ಗಡೆ ಶಿವಯೋಗ ಮಂದಿರದ ಹತ್ತಿರ ಹೊಳೆಯ ನೀರು ಯಾವ ಬಣ್ಣ ಇದೆ ಎಂದು ಕೇಳಿ, ದನ ಕಾಯುವವರ ಮಾತು ಕೇಳಿ, ಅಂದಾಜಿನ ಮೇಲೆ ದಿನ ಹೇಳಿದ್ದಳು. ಎರಡೂ ವರ್ಷ ದಿನ ತಪ್ಪಿರಲಿಲ್ಲ. ಆದರೆ ಅಂದಾಜು ಯಾವತ್ತು ಕೈ ಕೊಡುತ್ತದೋ ಎಂಬ ಹೆದರಿಕೆ ಅವಳನ್ನು ಒಳಗೇ ತಿನ್ನುತ್ತಿತ್ತು.

"ಯಾರಿಗೂ ಹೇಳಬ್ಯಾಡ," ಎಂದಳು. "ನನ್ನ ಮಾನದ ಸಲುವಾಗಿ ಅಲ್ಲ. ಹನ್ನೊಂದ ಮನಿಗೆ ಒಂದು ಬಾಯಿ ಇರಬೇಕು. ಈ ಮುದುಕಿಗೆ ಕಣ್ಣಿಲ್ಲ ಅಂತ ಗೊತ್ತಾದ್ರ ಒಬ್ಬ ಇವತ್ತು ಬಲಿ ಬಿಡ್ತಾನ, ಇನ್ನೊಬ್ಬ ಅವನಿಗಿಂತ ಮೊದಲ ಬಿಡ್ತಾನ. ಹುಲ್ಲಾಗಿನ ಮರಿ ಎಲ್ಲಾ ಬಳಕೊಂಡು ಹೋಗ್ತಾರ. ಮುಂದಿನ ವರ್ಷ ಹೊಳ್ಯಾಗ ಬರೇ ನೀರು ಇರತೈತಿ, ಹೊಡದಾಟ ಇರತೈತಿ. ತಿಳೀತೇನ?"

ತಿಳೀತು ಎಂದೆ. ಅವತ್ತು ಪೂರಾ ಕಿವಿಯಲ್ಲಿ ಕೇಳಿಯೇ ಹೇಳಿದೆ.

ಹೀಗೆ ನಾನು ಆಯಿಯ ಕಣ್ಣಾದೆ. ದಿನಾ ಬೆಳಿಗ್ಗೆ ನೀರು ತರುವ ನೆವದಿಂದ ಇಬ್ಬರೂ ಹೊಳೆಗೆ ಹೋಗುತ್ತಿದ್ದೆವು. ತಟ್ಟೆ ನಾನು ನೋಡುತ್ತಿದ್ದೆ, ಗಂಟು ಪಿಸುಗುಟ್ಟುತ್ತಿದ್ದೆ, ಅವಳು ದೊಡ್ಡ ದನಿಯಲ್ಲಿ ಊರಿಗೆ ಹೇಳುತ್ತಿದ್ದಳು. ಆ ದಿನಗಳಲ್ಲಿ ಅವಳು ಕಲಿಸಿದ್ದು ಒಂದೆರಡಲ್ಲ. ನೀರು ದಿನಕ್ಕೆ ನಾಲ್ಕು ಬೆರಳು ಇಳಿದರೆ ಚಲೋ, ಗೇಣು ಇಳಿದರೆ ನಂಬಬಾರದು, ಮೇಲೆ ಎಲ್ಲೋ ತಡೆದು ಮತ್ತೆ ಬರುತ್ತದೆ. ಬೆಳಗಿನ ನೀರು ಕಾಲಿಗೆ ತಣ್ಣಗೆ ಹತ್ತಲು ಶುರುವಾದರೆ ಬಾಳೆಮೀನು ಮಡುವಿನ ತಳ ಹಿಡಿಯುತ್ತದೆ. ಗೆಂಡೆಮೀನು ಬಿಸಿಲಿಗೆ ಕಲ್ಲಿನ ಮೇಲೆ ಬರುತ್ತದೆ. ಮೂರನೇ ಗಂಟು ತಲುಪದೆ ಎರಡಕ್ಕೇ ನಿಂತ ನೀರು ಸುಮ್ಮನೆ ನಿಂತಿರುವುದಿಲ್ಲ, ಮೇಲಿನ ಸೀಮೆಯಲ್ಲಿ ಮಳೆ ಇನ್ನೂ ಇದೆ ಎಂದು ಅರ್ಥ. ನಾನು ಸಾಲೆಯಲ್ಲಿ ಕಲಿಸುತ್ತಿದ್ದುದಕ್ಕಿಂತ ಹೆಚ್ಚು ಆ ಮೆಟ್ಟಿಲ ಮೇಲೆ ಕಲಿತೆ.

ಆ ವರ್ಷ ಹಸ್ತ ಮಳೆ ಜೋರಾಗಿಯೇ ಹೊಡೆದು ಹೋಯಿತು. ದಸರೆ ಬಂತು, ಬನ್ನಿ ಕೊಟ್ಟು ಬಂಗಾರದಂಗ ಇರೋಣ ಅಂದದ್ದಾಯಿತು, ನೀರು ಮಾತ್ರ ಎರಡನೇ ಗಂಟಿನಲ್ಲೇ ಕೂತಿತ್ತು. ಆಕಾಶ ನೋಡಿದರೆ ಒಂದು ಮೋಡ ಇಲ್ಲ. ದಂಡೆಯಲ್ಲಿ ನಿಂತು ನೋಡುವವರಿಗೆ ಹೊಳೆ ಹಸನಾಗಿಯೇ ಕಾಣುತ್ತಿತ್ತು. ಹುಡುಗರೆಲ್ಲ ಚಡಪಡಿಸುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಆಯಿಯ ತಮ್ಮನ ಮಗ. ಎರಡು ಹರಿಗೋಲಿನ ಧಣಿ, ಒಳ್ಳೆಯವನು, ಆದರೆ ಕಾಲಡಿ ಕೆಂಡ ಇಟ್ಟಂತೆ ಆಡುವ ಮನುಷ್ಯ. "ಅತ್ತಿ, ಇನ್ನ ಎಷ್ಟ ದಿನಾ ನೀರಿನ ಮಾರಿ ನೋಡಕೋತ ಕುಂಡ್ರೂದು?" ಎಂದು ದಿನಾ ಬಂದು ಕೇಳುತ್ತಿದ್ದ. ಆಯಿ, "ಮೂರಕ್ಕ ಬರಲಿ," ಎಂದಷ್ಟೇ ಹೇಳಿ ಬಲೆಯ ಸೂಜಿ ಆಡಿಸುತ್ತಿದ್ದಳು.

ಅವತ್ತು ಶನಿವಾರ, ಮುಂಜಾನೆಯ ಸಾಲೆ. ಆಯಿಗೆ ಮೊಣಕಾಲು ಹಿಡಿದಿತ್ತು, ನಾನೊಬ್ಬಳೇ ಹೊಳೆಗೆ ಹೋದೆ. ತಟ್ಟೆ ಬಿಟ್ಟೆ. ಎರಡನೇ ಗಂಟಿಗೆ ಮಬ್ಬಾಯಿತು, ಇನ್ನೊಂದು ಗೇಣಿಗೆ ಮಾಯ. ಬಂದು ಆಯಿಗೆ ಹೇಳಬೇಕು, ಅಷ್ಟೇ ಕೆಲಸ. ಕೊಡ ಇಳಿಸಿ ಸೀರೆ ನೆರಿಗೆ ಸರಿ ಮಾಡಿಕೊಳ್ಳುವಷ್ಟರಲ್ಲಿ ಸಾಲೆಯ ಗಂಟೆ ಹೊಡೆಯಿತು. ಚೀಲ ಬಗಲಿಗೆ ಹಾಕಿಕೊಂಡು ಓಡಿದೆ. ಆಯಿ ಕಟ್ಟೆಯ ಮೇಲಿಂದ ಏನೋ ಕೂಗಿದಳು. ಕೊನೆಯ ತುದಿ ಮಾತ್ರ ಕಿವಿಗೆ ಬಿತ್ತು... ತಿಳೀತೇನ?

ಪಾಚಿಯ ಮಾತೋ ರೊಟ್ಟಿಯ ಮಾತೋ ಇರಬೇಕೆಂದು, ಓಡುತ್ತಲೇ ಹಿಂದಕ್ಕೆ ಕೂಗಿದೆ: "ತಿಳೀತ್ರಿ ಆಯಿ, ತಿಳೀತು."

ಅವಳು ಕೇಳಿದ್ದು, ನೀರು ತಿಳೀತೇನ ಎಂದು.

ಮಧ್ಯಾಹ್ನ ಸಾಲೆ ಬಿಟ್ಟು ಓಣಿಗೆ ಬಂದಾಗ ಗಳುವಿನ ಮೇಲೆ ಒಂದೂ ಬಲೆ ಇರಲಿಲ್ಲ. ಹೆಂಗಸರು ಹಾಡಿಕೊಂಡು ಅಂಗಳ ಸಾರಿಸುತ್ತಿದ್ದರು. ಆಯಿಯ ಹತ್ತಿರ ಓಡಿ, ಯಾರು ಹೇಳಿದರು ಎಂದು ಕೇಳಿದೆ. "ನೀನ ಹೇಳಿದೆಲ್ಲ, ತಿಳೀತು ಅಂತ," ಎಂದಳು. ಹೇಳುತ್ತ ಹೇಳುತ್ತ ನನ್ನ ಉಸಿರಿನ ಸದ್ದಿನಲ್ಲೇ ಅವಳಿಗೆ ಗೊತ್ತಾಯಿತು. ಸೂಜಿ ಕೆಳಗಿಟ್ಟಳು. ತಕ್ಷಣ ತಮ್ಮನ ಮಗನನ್ನು ಕರೆಸಿ ಬಲೆ ಎತ್ತಿಬಿಡು ಎಂದಳು. ಅವನು ನಕ್ಕ. "ಮುಂಜಾನಿ ಹೂಂ, ಮಧ್ಯಾಹ್ನ ಉಹೂಂ. ಬಲಿ ಏನ ಆಟಿಗಿ ಸಾಮಾನೇನ ಅತ್ತಿ? ನಾಳಿ ಹೊತ್ತ ಮೂಡಲಿ, ಎತ್ತತೇವಿ," ಎಂದು ಹೋದ. ನಾನು ಅವನ ಹಿಂದೆ ಹೋಗಿ ಇದ್ದದ್ದು ಇದ್ದಂತೆ ಹೇಳಬಹುದಿತ್ತು. ಆದರೆ ಹೇಳಿದರೆ ಅವಳ ಕಣ್ಣಿನ ಸಂಗತಿ ಹೊರಗೆ ಬೀಳುತ್ತಿತ್ತು. ಮಾತು ಕೊಟ್ಟವಳು ಬಾಯಿ ಮುಚ್ಚಿಕೊಂಡು ನಿಂತೆ.

ಭಾನುವಾರ ಬೆಳಕು ಹರಿಯುವಾಗ ನೀರು ಬಂತು. ನಮ್ಮಲ್ಲಿ ಒಂದು ಹನಿ ಬಿದ್ದಿರಲಿಲ್ಲ. ಮೇಲೆ ಎಲ್ಲೋ ಚಿತ್ತಿ ಮಳೆ ಹೊಡೆದಿತ್ತು. ಕೆಂಪು ಅಂಬಲಿ ನೀರು, ಅದರ ಮೇಲೆ ಹತ್ತಿಕಟ್ಟಿಗೆ, ಜಾಲಿ ಮುಳ್ಳಿನ ಕಂಟಿ, ಒಂದು ಬಂಡಿಯ ಗಾಲಿ. ಹನ್ನೊಂದು ಮನೆಯ ಬಲೆಯನ್ನು ಹೊಳೆ ಸುರುಳಿ ಸುತ್ತಿ ತಿರುವಿನ ಕಲ್ಲುಗಳಿಗೆ ಬಡಿಯಿತು. ತಮ್ಮನ ಮಗ ಬಲೆ ಹಿಡಿಯಲು ಹೋಗಿ ಹರಿಗೋಲು ಗಿರಗಿರ ತಿರುಗಿ, ಮುಳುಗಿದ ಮರದ ಕೊಂಬೆ ಸಿಕ್ಕಿ ಉಳಿದ. ಒಂದು ಜೀವವೂ ಹೋಗಲಿಲ್ಲ. ಅದೊಂದು ನೆನೆಸಿಕೊಂಡು ನಾನು ಈಗಲೂ ಲಿಂಗ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತೇನೆ.

ಹೊತ್ತೇರುವಷ್ಟರಲ್ಲಿ ಹರಿದ ಬಲೆಗಳನ್ನೆಲ್ಲ ಬನ್ನಿ ಗಿಡದ ಕೆಳಗೆ ತಂದು ಒಟ್ಟಿದರು. ಮುಳ್ಳು, ಕಸ, ಕೆಸರು ಎಲ್ಲ ಸೇರಿ ಆಳೆತ್ತರದ ರಾಶಿ. ಹನ್ನೊಂದು ಮನೆಯವರೂ ಸುತ್ತ ನಿಂತಿದ್ದರು. ಆಯಿ ಕೋಲೂರಿಕೊಂಡು ಬಂದಳು. ತಮ್ಮನ ಮಗನ ಮೈ ಇನ್ನೂ ಒದ್ದೆ.

"ಕುರುಡ ಚಿತ್ತಿ ಎರಚಿದಂಗ ಆತಲ್ಲ ಅತ್ತಿ ನಿನ್ನ ಮಾತು," ಎಂದ.

ಅದು ನಮ್ಮ ಕಡೆಯ ಗಾದೆ. ಚಿತ್ತಿ ಮಳೆ ಒಂದು ಹೊಲಕ್ಕೆ ಬಿದ್ದು ಪಕ್ಕದ ಹೊಲ ಬಿಡುತ್ತದೆ, ಅದಕ್ಕೆ ಜನ ಅದನ್ನು ಕುರುಡು ಎನ್ನುತ್ತಾರೆ. ಅವನಿಗೆ ಗೊತ್ತಿದ್ದದ್ದು ಗಾದೆ ಮಾತ್ರ. ಆದರೆ ಆಯಿ ಕೋಲು ನೆಲಕ್ಕಿಟ್ಟು ನೆಟ್ಟಗೆ ನಿಂತಳು.

"ಖರೇನ ಅಂದಿ," ಎಂದಳು. "ನನಗ ಕಣ್ಣಿಲ್ಲ. ಎರಡ ವರ್ಷ ಆತು. ಇಲ್ಲದ ಕಣ್ಣ ಇಟಗೊಂಡು ನಿಮಗ ಬಲಿ ಬಿಡೂ ದಿನಾ ಹೇಳೇನಿ. ತಪ್ಪು ನಂದು. ಮತ್ಯಾರದೂ ಅಲ್ಲ."

ನನ್ನ ಹೆಸರು ಅವಳ ಬಾಯಿಗೆ ಬರಲಿಲ್ಲ. ನಾನು ಹಿಂದೆ, ಹೆಂಗಸರ ಸಾಲಿನಲ್ಲಿ ನಿಂತಿದ್ದೆ. ಸುಮ್ಮನಿದ್ದಿದ್ದರೆ ಯಾರೂ ನನ್ನ ಕಡೆ ತಿರುಗಿ ನೋಡುತ್ತಿರಲಿಲ್ಲ, ಮರುದಿನ ಹತ್ತು ಗಂಟೆಗೆ ಸಾಲೆಗೆ ಹೋಗಿ ಬಾರಿಸಿದ ಗಂಟೆಗೆ ಪಾಠ ಮಾಡಬಹುದಿತ್ತು. ಅದು ಆಗಲಿಲ್ಲ. ಕಾಲು ತಾವೇ ಮುಂದೆ ಬಂದವು. ತಟ್ಟೆ ನೋಡುತ್ತಿದ್ದವಳು ನಾನು, ಅವತ್ತು ಎರಡೂವರೆ ಗಂಟು ಇತ್ತು, ಆಯಿ ಕೇಳಿದ್ದು ನೀರಿನ ತಿಳೀತು, ನಾನು ಹೇಳಿದ್ದು ಮಾತಿನ ತಿಳೀತು, ಎಂದು ಹೇಗೋ ಹೇಳಿ ಮುಗಿಸಿದೆ.

ಗಿಡಕ್ಕೆ ಒರಗಿ ಕೂತಿದ್ದ ಒಬ್ಬ ಮುದುಕ, "ಕನ್ನಡ ಸಾಲಿ ಅಕ್ಕಾರಿಗೆ ಕನ್ನಡ ತಿಳೀಲಿಲ್ಲ ಅನ್ನು," ಎಂದ. ಒಬ್ಬಿಬ್ಬರು ನಕ್ಕರು. ಆಮೇಲೆ ಎಲ್ಲರೂ. ತಮ್ಮನ ಮಗನೂ ತಲೆ ತಗ್ಗಿಸಿಕೊಂಡು ನಕ್ಕ. ನಾನು ಅಳುತ್ತಿದ್ದೆ, ನಗುವೂ ಬರುತ್ತಿತ್ತು, ಮೂಗು ಸೋರುತ್ತಿತ್ತು.

ಆಯಿ ನಗಲಿಲ್ಲ. "ಆಕಿದಲ್ಲ ತಪ್ಪು," ಎಂದಳು. "ಓಡೋ ಹುಡುಗಿಗೆ ಹಿಂದಿನಿಂದ ಒದರಿ ಕೇಳಿದಾಕಿ ನಾ. ಇಂಥಾ ಮಾತು ಒಂದ ಸಲ ಕೇಳಿ ಬಿಡೂ ಮಾತಲ್ಲ. ಇನ್ನ ಮ್ಯಾಲೆ ಎರಡ ಸಲ ಕೇಳ್ರಿ. ಒಂದು ಕಿವಿಗೆ, ಒಂದು ನೀರಿಗೆ." ಆಮೇಲೆ ಕೋಲು ಎತ್ತಿಕೊಂಡು, "ಹರಿದದ್ದೆಲ್ಲಾ ನನ್ನ ಅಂಗಳಕ್ಕ ತಂದು ಹಾಕ್ರಿ," ಎಂದಳು.

ಹನ್ನೊಂದು ಮನೆಯ ಬಲೆ ಒಬ್ಬ ಕುರುಡಿಯ ಅಂಗಳಕ್ಕೆ ಬಂದವು. ಅವಳು ನಿಜಕ್ಕೂ ಕೂತಳು. ಬಿದಿರಿನ ಸೂಜಿ ಹಿಡಿದು, ಹರಿದ ಕಣ್ಣನ್ನು ಬೆರಳಿನಿಂದ ಹುಡುಕಿ, ಗಂಟು ಹಾಕುತ್ತ ಹೋದಳು. ಬಲೆಯ ಕಣ್ಣು ಕಟ್ಟಲು ಮನುಷ್ಯನ ಕಣ್ಣು ಬೇಡ ಎಂದು ಅವತ್ತು ಕಂಡೆ. ನಾನು ಸಾಲೆ ಬಿಟ್ಟ ಮೇಲೆ ಅವಳ ಎದುರು ಕೂತೆ. ತುಂಡಾದ ಎಳೆ ಎರಡು ಕೈಗೆ ಬಂದಾಗ ಬೆರಳು ತಮ್ಮಷ್ಟಕ್ಕೆ ಒಂದು ಗಂಟು ಹಾಕಿದವು. ಆಯಿ ಅದನ್ನು ಮುಟ್ಟಿ ನೋಡಿ, ಎಳೆದು ನೋಡಿ, ಮತ್ತೆ ಮುಟ್ಟಿದಳು.

"ಇದನ್ನ ಯಾರು ಕಲಿಸ್ಯಾರ?"

ನಮ್ಮಪ್ಪ ಎಂದೆ. ಮಗ್ಗದ ಮೇಲೆ ಹಾಸಿನ ಎಳೆ ಹರಿದರೆ ನೇಕಾರರು ಹಾಕುವ ಗಂಟು ಅದು, ನಮ್ಮ ಮನೆಯಲ್ಲಿ ಓದು ಬರುವ ಮೊದಲೇ ಆ ಗಂಟು ಬರುತ್ತದೆ. ಸಣ್ಣದು, ಜಾರುವುದಿಲ್ಲ. ಆಯಿ ತನ್ನ ಬಲೆಯ ಒಂದು ಗಂಟನ್ನು ನನ್ನ ಬೆರಳಿಗೆ ಕೊಟ್ಟಳು. ಅದೇ. ಒಂದು ಸುತ್ತು ಕೂಡ ಹೆಚ್ಚು ಕಡಿಮೆ ಇಲ್ಲ. ಮೂರು ವರ್ಷ ಮೂಗು ಮುಚ್ಚಿಕೊಂಡು ಓಡಾಡಿದ ಓಣಿಯಲ್ಲಿ ನಮ್ಮಪ್ಪನ ಗಂಟು ಇತ್ತು, ನನಗೆ ಗೊತ್ತಿರಲಿಲ್ಲ.

"ಹಂಗಾದ್ರ ನೀ ನಮ್ಮಾಕೀನ," ಎಂದಳು ಆಯಿ. "ಸುಮ್ಮ ಕೂತು ಕಟ್ಟು."

ಮರುದಿನ ಮೂರು ಹೆಂಗಸರು ಬಂದು ಕೂತರು, ಅದರ ಮರುದಿನ ಗಂಡಸರು. ಎಲ್ಲರಿಗಿಂತ ಕೊನೆಗೆ ತಮ್ಮನ ಮಗ ಬಂದ, ಅತ್ತೆಯ ಪಕ್ಕದಲ್ಲಿ ಮಂಡಿಯೂರಿ ಸೂಜಿ ಎತ್ತಿಕೊಂಡ. ಒಲೆಯ ಮೇಲೆ ಜಾಲಿ ತೊಗಟೆ ಕುದಿಯುತ್ತಿತ್ತು. ನೈಲಾನ್ ಬಲೆಗೆ ಅದು ಬೇಕಿಲ್ಲ, ಆದರೆ ಆಯಿಯ ಅತ್ತೆಯ ಕಾಲದ ಹತ್ತಿ ನೂಲಿನ ಬಲೆ ಒಂದಿತ್ತು, ಅದು ಕೊಳೆಯದಂತೆ ವರ್ಷಕ್ಕೊಮ್ಮೆ ತೊಗಟೆಯ ನೀರು ಕುಡಿಸಲೇಬೇಕು. ಆ ವಾಸನೆಯಲ್ಲಿ ಕೂತು ಚಿತ್ತಿ ಮಳೆ ಪೂರ್ತಿ ಬಲೆ ಕಟ್ಟಿದೆವು...

ಸ್ವಾತಿ ಮಳೆ ಹತ್ತಿದ ಮೇಲೆ ಒಂದು ಬೆಳಿಗ್ಗೆ ಆಯಿ ತಾನೇ ಹೊಳೆಗೆ ಹೊರಟಳು. ತಟ್ಟೆ ತೆಗೆದುಕೊಳ್ಳಲಿಲ್ಲ, ನನ್ನನ್ನೂ ಕರೆಯಲಿಲ್ಲ. ಓಣಿಯೆಲ್ಲ ಹಿಂದೆ ಬಂತು. ಸೀರೆ ಮೇಲಕ್ಕೆ ಸಿಕ್ಕಿಸಿ ಮೊಣಕಾಲ ತನಕ ನೀರಿಗೆ ಇಳಿದು ನಿಂತಳು. ಬೊಗಸೆಯಲ್ಲಿ ನೀರೆತ್ತಿ ಮೂಸಿದಳು, ನಾಲಿಗೆಗೆ ಮುಟ್ಟಿಸಿ ಉಗುಳಿದಳು, ಬೆರಳುಗಳನ್ನು ಒಂದಕ್ಕೊಂದು ತಿಕ್ಕಿ ಮಣ್ಣಿನ ನುಣುಪು ಇದೆಯೋ ಎಂದು ನೋಡಿದಳು. ಆಮೇಲೆ ಸುಮ್ಮನೆ ನಿಂತಳು. ಎಷ್ಟು ಹೊತ್ತು ಎಂದರೆ ಹಿಂದೆ ಬಂದವರು ಒಬ್ಬೊಬ್ಬರಾಗಿ ಮೆಟ್ಟಿಲ ಮೇಲೆ ಕೂತುಬಿಟ್ಟರು. ತಪ್ಪಿದರೆ ಆ ಬಾಯಿಯ ಮಾತಿಗೆ ಇನ್ನು ಬೆಲೆ ಇಲ್ಲ, ಎಲ್ಲರಿಗೂ ಅದು ಗೊತ್ತಿತ್ತು, ಅವಳಿಗೂ. ಸಣ್ಣ ಮೀನುಗಳು ಬಂದು ಅವಳ ಹಿಮ್ಮಡಿ ಚುಚ್ಚತೊಡಗಿದವು. ನೀರು ಮಬ್ಬಿದ್ದರೆ ಅವು ದಡದ ಹುಲ್ಲು ಬಿಟ್ಟು ಹೀಗೆ ಬಯಲಿಗೆ ಬರುವುದಿಲ್ಲ.

"ಅತ್ತಿ, ನೀರು ತಿಳೀತೇನ?" ತಮ್ಮನ ಮಗ ಕೇಳಿದ.

"ತಿಳೀತು."

ಅವನು ಒಂದು ಉಸಿರು ಬಿಟ್ಟು ಮತ್ತೆ ಕೇಳಿದ. "ನೀರು ತಿಳೀತೇನ?"

"ನೀರು ತಿಳೀತು."

ನಾನು ಕಳ್ಳಿಯಂತೆ ಸೆರಗಿನಲ್ಲಿ ತಟ್ಟೆ ತಂದಿದ್ದೆ. ಅವನು ಅದನ್ನು ನನ್ನ ಕೈಯಿಂದ ಇಸಿದುಕೊಂಡು, ಬಿಳಿ ಮೇಲೆ ಮಾಡಿ, ಅತ್ತೆಯ ಪಕ್ಕದಲ್ಲೇ ನಿಂತು ಮೆಟ್ಟಿಲಾಚೆಯ ಆಳದ ನೀರಿಗೆ ಬಿಟ್ಟ. ಒಂದು ಗಂಟು, ಎರಡು, ಮೂರು. ನಾಲ್ಕನೇ ಗಂಟೂ ನೀರಿಗೆ ಹೋಯಿತು. ತಟ್ಟೆಯ ಅಂಚಿನ ಕರಿ ಚುಕ್ಕೆ ಕೂಡ ಕಾಣುತ್ತಿತ್ತು. ಅವನು ಬಗ್ಗಿ ನೀರಿನೊಳಗೇ ಅವಳ ಕಾಲು ಮುಟ್ಟಿದ. "ಎಷ್ಟು?" ಎಂದಳು ಆಯಿ. ಕಣ್ಣಿಲ್ಲದಿದ್ದರೂ ತಟ್ಟೆ ನೀರಿಗೆ ಬಿದ್ದ ಸದ್ದು ಕೇಳಿದ್ದಳು. ನಾಲ್ಕು ಎಂದೆ. "ಮೂರು ಸಾಕಿತ್ತು," ಎಂದಳು.

ಅವತ್ತಿನಷ್ಟು ಹೆಮ್ಮೆ ನನಗೆ ನನ್ನ ಸ್ವಂತದ ಯಾವ ಕೆಲಸಕ್ಕೂ ಆಗಿಲ್ಲ. ಮುಂದೆ ನಾನು ಅಲ್ಲಿದ್ದಷ್ಟು ವರ್ಷವೂ ದಿನ ಹೇಳಿದವಳು ಅವಳೇ, ನೀರಿನಲ್ಲಿ ನಿಂತು, ತಟ್ಟೆ ಇಲ್ಲದೆ. ಕಣ್ಣು ಹೋಗಿದೆ ಎಂದು ಗೊತ್ತಾದ ಮೇಲೆ ಒಬ್ಬನೂ ಅವಳಿಗಿಂತ ಮೊದಲು ಬಲೆ ಬಿಡಲಿಲ್ಲ. ಯಾವುದಕ್ಕೆ ಅವಳು ಹೆದರಿ ಎರಡು ವರ್ಷ ಬಚ್ಚಿಟ್ಟಿದ್ದಳೋ ಅದು ಆಗಲೇ ಇಲ್ಲ. ತಪ್ಪು ನಂದು ಎಂದು ಹನ್ನೊಂದು ಮನೆಯ ಮುಂದೆ ನಿಂತು ಹೇಳಿದವಳ ಮಾತಿಗೆ ಅವರು ಮೊದಲಿಗಿಂತ ಹೆಚ್ಚು ಬೆಲೆ ಕೊಟ್ಟರು. ನಾನು ನನ್ನ ಮಟ್ಟಿಗೆ ಒಂದು ನೇಮ ಮಾಡಿಕೊಂಡೆ, ಹುಡುಗರಿಗೆ ಇನ್ನು 'ತಿಳೀತೇನ' ಎನ್ನುವುದಿಲ್ಲ ಎಂದು. 'ಗೊತ್ತಾತೇನ' ಎನ್ನುತ್ತೇನೆ. ಎರಡು ಸಲ ಕೇಳುತ್ತೇನೆ.

ಆರು ವರ್ಷಕ್ಕೆ ನನಗೆ ಇಳಕಲ್ಲಿಗೆ ವರ್ಗವಾಯಿತು. ವರ್ಷಕ್ಕೊಮ್ಮೆ ಅಮೀನಗಡದಲ್ಲಿ ಇಳಿದು ಕರದಂಟು ತೆಗೆದುಕೊಂಡು ಹೋಗಿ ಬರುತ್ತಿದ್ದೆ. ಹಲ್ಲಿಲ್ಲದ ಬಾಯಲ್ಲಿ ಅದನ್ನು ಅರ್ಧ ದಿನ ಚೀಪುತ್ತಿದ್ದಳು. ಆಮೇಲೆ ಒಂದು ವರ್ಷ, ಚಿತ್ತಿ ಮಳೆಯಲ್ಲೇ, ಆಯಿಯ ತಮ್ಮನ ಮಗನ ಫೋನು ಬಂತು. ಅತ್ತಿ ಹ್ವಾದ್ಳ್ರಿ ಅಕ್ಕಾರ ಎಂದ. ಸಿಕ್ಕ ಬಸ್ಸು ಹತ್ತಿದೆ. ಹೊಳೆ ತುಂಬಿ ಸೇತುವೆಯ ಮೇಲೆ ನೀರು ಹರಿಯುತ್ತಿತ್ತು, ಬಸ್ಸು ಅಲ್ಲೇ ತಿರುಗಿತು. ಈ ದಂಡೆಯಲ್ಲಿ ನಿಂತು ಅಂಬಲಿ ನೀರು ನೋಡಿ ಮನೆಗೆ ಬಂದೆ. ಮುಖ ನೋಡಲು ಆಗಲಿಲ್ಲ. ಅದೊಂದು ಹಾಗೇ ಉಳಿದಿದೆ...

ಮೊನ್ನೆ ನನ್ನ ತಮ್ಮನ ಹಂಡೆಯ ಮುಂದೆ ನಿಂತವಳು ಮರುದಿನವೇ ಬಸ್ಸು ಹತ್ತಿದೆ. ಹುನಗುಂದ, ಅಮೀನಗಡ, ಐಹೊಳೆ. ಕರದಂಟು ತೆಗೆದುಕೊಂಡೆ, ಯಾರಿಗೆ ಎಂದು ಗೊತ್ತಿಲ್ಲದೆ. ಓಣಿಯಲ್ಲಿ ಈಗ ಏಳೇ ಮನೆಯವರು ಹೊಳೆಗೆ ಇಳಿಯುತ್ತಾರೆ. ಆಯಿಯ ತಮ್ಮನ ಮಗ ಬಾದಾಮಿಗೆ ಹೋಗಿದ್ದ, ಸಂಜೆ ಬರುತ್ತಾನೆ ಎಂದರು. ಮೆಟ್ಟಿಲ ಬಳಿ ಅವನ ಸೊಸೆ ನಿಂತಿದ್ದಳು, ಕೃಷ್ಣೆಯ ದಂಡೆಯ ಊರಿನಿಂದ ಎರಡು ವರ್ಷದ ಹಿಂದೆ ಬಂದ ಹುಡುಗಿ, ನನ್ನ ಗುರುತಿಲ್ಲ. ಚೂಡಿದಾರದ ಕಾಲು ಮಡಚಿಕೊಂಡು ಮೊಣಕಾಲ ತನಕ ನೀರಿನಲ್ಲಿದ್ದಳು, ಒಂದು ಕೈಯಲ್ಲಿ ಮೊಬೈಲು. ಹರಿಗೋಲಿನಿಂದ ಒಬ್ಬ ಕೂಗಿದ, "ನೀರು ತಿಳೀತೇನ?" ತಿಳೀತು ಎಂದಳು. ಅವನು ಮತ್ತೆ ಕೇಳಿದ, ಅವಳು ಮತ್ತೆ ಹೇಳಿದಳು. ಆಮೇಲೆ ಹುಟ್ಟು ನೀರಿಗೆ ಬಿತ್ತು.

ನಾನು ಏನೂ ಅರಿಯದವಳ ಹಾಗೆ ಕೇಳಿದೆ, "ಎರಡ ಸಲ ಯಾಕ ಕೇಳ್ತಾರವಾ?"

ಆ ಹುಡುಗಿ ನನ್ನ ಪೇಟೆಯ ಚಪ್ಪಲಿ, ಕೈಯಲ್ಲಿನ ಕರದಂಟಿನ ಪೊಟ್ಟಣ ನೋಡಿ ಮರ್ಯಾದೆಯಿಂದಲೇ ಹೇಳಿದಳು. "ಅದು ಹಿಂದಿನಿಂದ ಬಂದದ್ರಿ. ಆ ಪಟ್ಟದಕಲ್ಲಿನ ಗುಡಿ ಕಟ್ಟಿದ್ರಲ್ಲ, ಆ ಕಾಲದಿಂದ ಐತಂತ. ನೀವು ಹೊರಗಿನವರು, ನಿಮಗ ತಿಳಿಯಾಂಗಿಲ್ಲ ಬಿಡ್ರಿ."

"ತಿಳೀತವಾ," ಎಂದೆ.

ಅವಳು ಪೊಟ್ಟಣ ಇಸಿದುಕೊಂಡು ಮೆಟ್ಟಿಲು ಹತ್ತಿ ಹೋದಳು. ಚಪ್ಪಲಿ ಬಿಟ್ಟು ನಾನು ನೀರಿಗೆ ಇಳಿದೆ. ತಣ್ಣಗಿತ್ತು. ಸ್ವಲ್ಪ ಹೊತ್ತು ಅಲುಗದೆ ನಿಂತೆ, ಮೀನು ಬಂದು ಹಿಮ್ಮಡಿ ಚುಚ್ಚಿದವು. ಎರಡನೆಯ ಸಲ ಕೇಳುವವರು ಯಾರೂ ಅಲ್ಲಿರಲಿಲ್ಲ. ಕೇಳದಿದ್ದರೂ ಹೇಳಿದೆ.

"ತಿಳೀತು, ಆಯಿ."